ಹವಳದ ದಿಬ್ಬದ ಕರಾರುಗಳು

ಕಂಬಂ ಕಣಿವೆಯವರಾದ ನಮಗೆ ಕಡಲು ದೂರದ ಮಾತು. ಆದರೂ ನಮ್ಮ ಗದ್ದೆಗಳಿಗೆ ನೀರುಣಿಸುವ ಮುಲ್ಲೈ ಪೆರಿಯಾರ್ ವೈಗೈಯನ್ನು ಕೂಡಿ, ಮಧುರೆಯನ್ನು ದಾಟಿ ರಾಮನಾಥಪುರದತ್ತ ಸಾಗುತ್ತದೆ. ಆ ಜಿಲ್ಲೆಯ ತೀರದಿಂದ ತೂತ್ತುಕುಡಿಯವರೆಗೆ ಮನ್ನಾರ್ ಕೊಲ್ಲಿಯ ಹವಳದ ದಿಬ್ಬಗಳು ಹಬ್ಬಿವೆ. ತಮಿಳಿನ ಪವಳಂ ನಮ್ಮ ಮನೆಮಾತಿನಲ್ಲಿ ಹವಳ. ಎರಡು ಭಾಷೆಗಳಲ್ಲಿಯೂ ಅದನ್ನು ಒಡವೆಯೆಂದೇ ಬಲ್ಲೆವು. ದಿಬ್ಬ ಕಟ್ಟುವ ಹವಳವಾದರೋ ಲಕ್ಷಾಂತರ ಸಣ್ಣ ಪ್ರಾಣಿಗಳ ಊರು.

ಬಾವಿ ನೀರಿನ ಪಾಲು, ತೋಟದ ಗುತ್ತಿಗೆ, ಏಲಕ್ಕಿ ವ್ಯಾಪಾರದ ಬಾಕಿ ಇವುಗಳ ವ್ಯಾಜ್ಯಗಳಲ್ಲೇ ನನ್ನ ವಕೀಲಿಯ ದಿನಗಳು ಕಳೆಯುತ್ತವೆ. ಅದರಿಂದಲೋ ಏನೋ, ಈ ಊರಿನ ಬದುಕನ್ನು ಕುರಿತು ಓದುವಾಗ ನನಗೆ ಕಾಣುವುದು ಕರಾರುಗಳೇ.

ಕಣ್ಣು ಮಂದವಾದ ಒಂದು ಜಾತಿಯ ಸೀಗಡಿ ಮರಳಿನಲ್ಲಿ ಬಿಲ ತೋಡುತ್ತದೆ; ಗೋಬಿ ಎಂಬ ಪುಟ್ಟ ಮೀನು ಬಿಲದ ಬಾಯಲ್ಲಿ ಕಾವಲು ನಿಲ್ಲುತ್ತದೆ. ಸೀಗಡಿ ಹೊರಬಂದಾಗ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡ ಮೀನು ಬಾಲ ಅದುರಿಸಿದೊಡನೆ ಸೀಗಡಿ ಒಳಗೆ ಸರಿಯುತ್ತದೆ. ಮನೆ ಒಬ್ಬರದು, ಕಣ್ಣು ಇನ್ನೊಬ್ಬರದು.

ಇನ್ನೊಂದು ಕಡೆ, ರಾಸ್ ಜಾತಿಯ ಶುಚಿಮೀನು ದೊಡ್ಡ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ಹೆಕ್ಕಿ ತಿನ್ನುತ್ತದೆ. ಅದರ ನಾಲಿಗೆಗೆ ಹೆಚ್ಚು ರುಚಿಸುವುದು ಗಿರಾಕಿಯ ಮೈಲೋಳೆ. ಆಸೆಪಟ್ಟು ಕಚ್ಚಿದರೆ ಗಿರಾಕಿ ಅಟ್ಟಿಸಿಕೊಂಡು ಬರುತ್ತದೆ, ಇಲ್ಲವೇ ಬೇರೆ ಕಡೆಗೆ ಹೊರಟುಹೋಗುತ್ತದೆ. ಜೋಡಿಯಾಗಿ ದುಡಿಯುವಾಗ ಹೆಣ್ಣು ಕಚ್ಚಿದರೆ ಗಂಡೇ ಅದನ್ನು ಅಟ್ಟಿ ದಂಡಿಸುವುದುಂಟು. ನ್ಯಾಯಾಲಯವಿಲ್ಲದ ಕಡೆಯೂ ವಂಚನೆಗೆ ಬೆಲೆ ತೆರಬೇಕು.

ಇವೆಲ್ಲಕ್ಕೂ ಆಧಾರವಾದ ಮೂಲ ಕರಾರು ಒಂದಿದೆ. ಹವಳದ ಪ್ರಾಣಿಯ ಅಂಗಾಂಶದೊಳಗೆ ಸೂಕ್ಷ್ಮ ಪಾಚಿ ನೆಲೆಸಿದೆ. ಪ್ರಾಣಿ ಆಶ್ರಯ ಕೊಡುತ್ತದೆ. ಪಾಚಿ ಬಿಸಿಲಿನಿಂದ ಆಹಾರ ಮಾಡಿ ಉಣಿಸುತ್ತದೆ. ನೀರು ವಾಡಿಕೆಯನ್ನು ಮೀರಿ ಬಿಸಿಯಾದರೆ ಹವಳ ಪಾಚಿಯನ್ನು ಹೊರಹಾಕುತ್ತದೆ, ಸುಣ್ಣದ ಎಲುಬು ಬೆಳ್ಳಗೆ ಕಾಣುತ್ತದೆ. ಬೇಗ ತಣಿದರೆ ಪಾಚಿ ಮರಳೀತು; ಬಿಸಿ ವಾರಗಟ್ಟಲೆ ನಿಂತರೆ ಹವಳ ಹಸಿವಿನಿಂದ ಸಾಯುತ್ತದೆ. 2010 ಮತ್ತು 2016ರಲ್ಲಿ ಮನ್ನಾರ್ ಕೊಲ್ಲಿ ಹೀಗೆ ಬೆಳ್ಳಗಾಯಿತು.

ಕಾನೂನು ಸುಮ್ಮನಿರಲಿಲ್ಲ. ಒಂದು ಕಾಲದಲ್ಲಿ ಸುಣ್ಣಕ್ಕಾಗಿ ಈ ಹವಳವನ್ನು ಒಡೆದು ದೋಣಿಗಳಲ್ಲಿ ಸಾಗಿಸುತ್ತಿದ್ದರು. 21 ದ್ವೀಪಗಳಲ್ಲಿ ಪೂವರಸನ್‌ಪಟ್ಟಿ ಮತ್ತು ವಿಲಾಂಗುಚಳ್ಳಿ ನೀರಿನಡಿ ಮುಳುಗಿದವು. 1986ರಲ್ಲಿ ಆ ದ್ವೀಪಸಮೂಹ ರಾಷ್ಟ್ರೀಯ ಉದ್ಯಾನವಾಯಿತು. 2001ರಲ್ಲಿ ದಿಬ್ಬ ಕಟ್ಟುವ ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯನ್ನು, ಹುಲಿಯಿರುವ ಪಟ್ಟಿಯನ್ನೇ, ಸೇರಿತು. ಹಾರೆ ಹಿಡಿದವನ ಕೈಯನ್ನು ಕಾನೂನು ತಡೆಯಬಲ್ಲದು. ಕಾದ ನೀರಿಗೆ ಸಮನ್ಸ್ ಜಾರಿಮಾಡಲಾರದು.

ಹಾಗೆಂದು ಕೈಚೆಲ್ಲುವುದು ನನ್ನ ವೃತ್ತಿಗೆ ಒಪ್ಪುವ ಮಾತಲ್ಲ. ತೂತ್ತುಕುಡಿಯ ಸುಗಂತಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆಯವರು ಜೀವಂತ ಹವಳದ ತುಂಡುಗಳನ್ನು ಕಾಂಕ್ರೀಟ್ ಚೌಕಟ್ಟುಗಳಿಗೆ ಕಟ್ಟಿ ಕಡಲಲ್ಲಿ ನೆಡುತ್ತಿದ್ದಾರೆ. ಚರಂಡಿಯ ಕೊಳೆ, ಹೂಳು, ತಳ ಕೆರೆಯುವ ಬಲೆ ಇವು ಕಡಿಮೆಯಾದಷ್ಟೂ ಬಿಸಿಯಿಂದ ಬಳಲಿದ ಹವಳ ಚೇತರಿಸಿಕೊಳ್ಳುವ ಸಂಭವ ಹೆಚ್ಚು. ಬಿಸಿಯನ್ನು ಹೆಚ್ಚಿಸಿದವರಲ್ಲಿ ಕಣಿವೆಯ ನಾವೂ ಇದ್ದೇವೆ. ಸೀಗಡಿಯೂ ಗೋಬಿಯೂ ತಮ್ಮ ಕರಾರನ್ನು ಮುರಿದಿಲ್ಲ. ನಮ್ಮ ಪಾಲಿನದನ್ನು ನಡೆಸಿಕೊಡುವುದು ಇನ್ನೂ ಬಾಕಿಯಿದೆ.