ಡೇರೆಯೂ ಸೊಳ್ಳೆಗಳೂ

ಮನೆಯಲ್ಲಿ ಸೊಳ್ಳೆ ಕಚ್ಚಿದರೆ ಎದ್ದು ದೀಪ ಹಚ್ಚಿ, ಅದನ್ನು ಹುಡುಕಿ ಹೊಡೆಯುವುದಕ್ಕಾದರೂ ಅವಕಾಶವುಂಟು. ಡೇರೆಯಲ್ಲಿ ಮಲಗಿದವರಿಗೆ ಆ ಸಮಾಧಾನವೂ ಇಲ್ಲ. ಈ ಮಾತನ್ನು ನಾವು ಅನುಭವದಿಂದ ಹೇಳುತ್ತಿದ್ದೇವೆ.

ದೀಪಾವಳಿಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ತೀರ್ಥಹಳ್ಳಿಯ ಕಡೆಗೆ ಹೋಗಿದ್ದೆವು. ತುಂಗೆಯ ದಡದಲ್ಲಿ, ದಟ್ಟವಾದ ಮರಗಳ ನೆರಳಿನಲ್ಲಿ, ನಿಂತ ನೀರಿನ ಮಡುವೊಂದರ ಪಕ್ಕಕ್ಕೆ ಡೇರೆ ಹಾಕಿದೆವು. ನೋಟಕ್ಕೆ ಅದಕ್ಕಿಂತ ಸೊಗಸಾದ ಸ್ಥಳವಿರಲಿಲ್ಲ. ಸೊಳ್ಳೆಗಳಿಗೂ ಹಾಗೆಯೇ ತೋರಿದ್ದಿರಬೇಕು. ಸಂಜೆಯಾಗುತ್ತಲೇ ದಂಡುದಂಡಾಗಿ ಬಂದುವು. ಡೇರೆಗೆ ಬಲೆಯ ಬಾಗಿಲಿದ್ದಿತು. ಆದರೆ ಒಳಗೂ ಹೊರಗೂ ಓಡಾಡುವ ಮಕ್ಕಳು ಅದನ್ನು ಮುಚ್ಚುವವರೇ?

ಆಗ ನಮಗೊಂದು ಯುಕ್ತಿ ಹೊಳೆಯಿತು. ಅಡಿಗೆ ಮಾಡಿ ಉಳಿದಿದ್ದ ಕೆಂಡವನ್ನು ಕಬ್ಬಿಣದ ಬಾಣಲೆಯಲ್ಲಿ ತುಂಬಿ, ಮೇಲೆ ಬೇವಿನ ಸೊಪ್ಪು ಹಾಕಿ, ಡೇರೆಯೊಳಗಿಟ್ಟು ಬಾಗಿಲನ್ನೂ ಕಿಂಡಿಗಳನ್ನೂ ಭದ್ರಪಡಿಸಿದೆವು. ಸೊಳ್ಳೆಗಳ ಸದ್ದು ಅಡಗಿತು. ಹಿರಿಯರ ಉಪಾಯವೆಂದು ಹೆಮ್ಮೆಪಟ್ಟು ಮಲಗಿದೆವು.

ನಡುರಾತ್ರಿಯಲ್ಲಿ ಕಿರಿಯ ಮಗಳು, “ಅಮ್ಮಾ, ತಲೆ ಸಿಡೀತಿದೆ” ಎಂದು ಅಳುತ್ತ ವಾಂತಿಮಾಡಿಕೊಂಡಳು. ಎದ್ದು ನಿಲ್ಲಹೋದರೆ ನಮಗೂ ಕಾಲು ಕುಸಿಯಿತು. ಹೇಗೋ ತೆವಳಿಕೊಂಡು ಹೋಗಿ ಬಾಗಿಲು ಬಿಚ್ಚಿ ಮಕ್ಕಳನ್ನು ಹೊರಗೆಳೆದೆವು. ತಂಗಾಳಿ ಬೀಸಿದ ಮೇಲೆ ಅವರು ಚೇತರಿಸಿಕೊಂಡರು. ಬೆಳಗಾಗುತ್ತಲೇ ವೈದ್ಯರಲ್ಲಿಗೆ ಓಡಿದೆವು. ಕೆಂಡದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಆಕ್ರಮಿಸುತ್ತದೆ ಎಂದು ಅವರು ತಿಳಿಸಿದರು. ಮಗಳು ಎಚ್ಚರಗೊಳ್ಳದೆ ಇದ್ದಿದ್ದರೆ! ಆ ಯೋಚನೆ ಇಂದಿಗೂ ನಮ್ಮನ್ನು ನಡುಗಿಸುತ್ತದೆ.

ಮರಳಿ ಬಂದಾಗ ಪಕ್ಕದ ಗದ್ದೆಯ ವೃದ್ಧರೊಬ್ಬರು ನಮ್ಮ ಕಥೆ ಕೇಳಿ, “ಸ್ವಾಮಿ, ಹೊಗೆ ಹಾಕೋದು ದನದ ಕೊಟ್ಟಿಗೆಗೆ. ಅಲ್ಲಿ ಗಾಳಿ ಆಡ್ತದೆ. ನಿಮ್ಮ ಗೂಡಿನೊಳಗೆ ಗಾಳಿಯೆಲ್ಲಿ?” ಎಂದರು. ಹಿರಿಯರ ಉಪಾಯವನ್ನು ಕಲಿತಿದ್ದೆವು. ಅವರ ವಿವೇಕವನ್ನು ಮರೆತಿದ್ದೆವು.

ಎರಡನೆಯ ರಾತ್ರಿ ಎಲ್ಲವನ್ನೂ ಬದಲಾಯಿಸಿದೆವು. ಸೊಳ್ಳೆ ಬಲವಾಗಿ ಹಾರಲಾರದು. ಆದುದರಿಂದ ಡೇರೆಯನ್ನು ಮಡುವಿನಿಂದ ದೂರ, ಗಾಳಿಯಾಡುವ ದಿಣ್ಣೆಗೆ ಸಾಗಿಸಿದೆವು. ನಮ್ಮ ಉಸಿರಿನ ಅಂಗಾರಾಮ್ಲವೂ ಮೈಯ ಬಿಸಿ, ಬೆವರುಗಳೂ ಅದಕ್ಕೆ ದಾರಿ ತೋರಿಸುತ್ತವೆ. ಆದುದರಿಂದ ಸಂಜೆಗೆ ಮುನ್ನವೇ ಮೈ ತೊಳೆದು, ತೋಳು ಕಾಲು ಮುಚ್ಚುವ ಸಡಿಲವಾದ ಬಟ್ಟೆ ತೊಟ್ಟೆವು. ತೆರೆದ ಚರ್ಮಕ್ಕೆ ಪೇಟೆಯಿಂದ ತಂದ ಡೀಟ್ ಮುಲಾಮನ್ನು ಹಚ್ಚಿದೆವು. ಇದು 1944ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ಔಷಧ. ಮಕ್ಕಳ ಅಂಗೈಗೆ ಮಾತ್ರ ಹಚ್ಚಲಿಲ್ಲ. ಅದು ಕಣ್ಣಿಗೂ ಬಾಯಿಗೂ ಹೋಗುವುದಷ್ಟೆ! ದೀಪವನ್ನು ಡೇರೆಯ ಹೊರಗೆ ದೂರದಲ್ಲಿಟ್ಟೆವು. ಬೆಳಕಿಗೆ ಮುತ್ತುವ ಹುಳುಗಳು ಅಲ್ಲಿಯೇ ಉಳಿದುವು. ಹಾಸಿಗೆಯನ್ನು ಬಲೆಯ ಗೋಡೆಯಿಂದ ಗೇಣುದೂರ ಸರಿಸಿದೆವು. ಬಲೆಗೆ ಒರಗಿದ ಮೈಯನ್ನು ಸೊಳ್ಳೆ ಹೊರಗಿನಿಂದಲೇ ಕಚ್ಚಬಲ್ಲುದು.

ಮಲೆನಾಡಿನಲ್ಲಿ ಉಣುಗಿನ ಭಯವೂ ಉಂಟು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಅದರ ಕಡಿತದಿಂದ ಹರಡತಕ್ಕುದು. ಒಣಗಿದ ತರಗೆಲೆಗಳ ಮೇಲೆ ಕೂರಬಾರದು. ಷರಾಯಿಯ ಅಂಚನ್ನು ಕಾಲುಚೀಲದೊಳಗೆ ಸೇರಿಸಬೇಕು. ಮಲಗುವ ಮುನ್ನ ಮೈಯೆಲ್ಲ ನೋಡಿಕೊಳ್ಳಬೇಕು. ಕಚ್ಚಿ ಕುಳಿತ ಉಣುಗನ್ನು ಸುಡದೆ, ಎಣ್ಣೆ ಸುರಿಯದೆ, ಚಿಮಟದಿಂದ ಚರ್ಮದ ಸಮೀಪದಲ್ಲಿ ಹಿಡಿದು ನೆಟ್ಟಗೆ ಎಳೆಯಬೇಕು.

ಇಷ್ಟೆಲ್ಲದರಲ್ಲಿಯೂ ಹೆಚ್ಚು ಫಲಕೊಟ್ಟುದು ಬಾಗಿಲಿನ ಕಾವಲು. ಒಳಹೋದ ಕೂಡಲೇ ಮುಚ್ಚುವುದು, ಹೊರಬಂದ ಕೂಡಲೇ ಮುಚ್ಚುವುದು. ಈ ಅಧಿಕಾರವನ್ನು ಕಿರಿಯ ಮಗಳಿಗೇ ಒಪ್ಪಿಸಿದೆವು. ಆ ರಾತ್ರಿ ಕೆಲವು ಸೊಳ್ಳೆಗಳು ಕಚ್ಚದೆ ಬಿಡಲಿಲ್ಲ. ನಾವು ಗೊಣಗಲಿಲ್ಲ. ಪಕ್ಕದಲ್ಲಿ ಮಗುವಿನ ಉಸಿರು ಸರಾಗವಾಗಿ ಕೇಳಿಸುತ್ತಿದ್ದಿತು. ಅದನ್ನು ಕೇಳುತ್ತ ಕೇಳುತ್ತಲೇ ನಿದ್ರೆ ಬಂದಿತು.