ಖಾಲಿ ಕಂಡ ಕಡಲು

ಪರದೆಯ ಮೇಲೆ ಹುಡುಗಿ ಎಳೆದ ಗೆರೆ ಬಾಣದಂತೆ ನೇರವಾಗಿತ್ತು. ಹೊರಡುವ ಊರಿನ ಮೇಲೊಂದು ಚುಕ್ಕಿ, ತಲುಪುವ ಊರಿನ ಮೇಲೊಂದು ಚುಕ್ಕಿ, ನಡುವೆ ಗೆರೆ. ಕಂಪ್ಯೂಟರು ತಕ್ಷಣ ದೂರ ಹೇಳಿತು, ದಿಕ್ಕು ಹೇಳಿತು, ಇಷ್ಟು ವೇಗದಲ್ಲಿ ಹೋದರೆ ಇಷ್ಟು ಹೊತ್ತು ಎಂದೂ ಹೇಳಿತು. ಹೇಳದೆ ಬಿಟ್ಟದ್ದು ಒಂದೇ ಮಾತು. ಆ ಗೆರೆ ಒಂದು ದ್ವೀಪದ ಮನೆ, ಹೊಲ, ರಸ್ತೆಗಳನ್ನೆಲ್ಲ ದಾಟಿಕೊಂಡು ಹೋಗಿತ್ತು. ಪಕ್ಕದಲ್ಲಿ ಕಾಫಿ ಹೀರುತ್ತ ಕುಳಿತಿದ್ದ ಅಪ್ಪ, “ದೋಣಿಗೆ ಚಕ್ರ ಕಟ್ಟಿಸಬೇಕಾದೀತು” ಎಂದರು.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್‌ನಲ್ಲಿ ಬೇಸಿಗೆ ರಜೆಗೆಂದು ಅವಳು ಹಾಯಿದೋಣಿ ಕಲಿಯಲು ಸೇರಿದ್ದಳು. ನೀರಿಗಿಳಿಯುವ ಮೊದಲು ಮನೆಯಲ್ಲೇ ದಾರಿ ಹಾಕುವುದನ್ನು ಅಭ್ಯಾಸ ಮಾಡಿ ಬಾ ಎಂದು ಕಲಿಸುವವರು ಹೇಳಿದ್ದರು. ಓಪನ್‌ಸಿಪಿಎನ್ ಎಂಬ ತಂತ್ರಾಂಶಕ್ಕೆ ಕಾಸು ಕೊಡಬೇಕಾಗಿಲ್ಲ. ಅಮೆರಿಕದ ಕರಾವಳಿಯ ನಕಾಶೆಗಳನ್ನು ಅಲ್ಲಿನ ಸರ್ಕಾರದ ಸಂಸ್ಥೆ ನೋವಾ ಪುಕ್ಕಟೆಯಾಗಿಯೇ ಕೊಡುತ್ತದೆ. ಎದುರಿಗಿರುವ ಚೆಸಪೀಕ್ ಕೊಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದ. ಆದರೆ ಸರಾಸರಿ ಆಳ ಆರೂವರೆ ಮೀಟರಿನಷ್ಟು ಮಾತ್ರ, ಹಳ್ಳಿಯ ಬಾವಿಯ ಲೆಕ್ಕದಲ್ಲಿ ನಾಲ್ಕಾಳು. ಅದರಲ್ಲೂ ಅಂಚಿನಲ್ಲಿ ಎಲ್ಲಿ ಮರಳು, ಎಲ್ಲಿ ಕೆಸರು ಎಂಬುದು ನೀರಿನ ಮೇಲಿಂದ ಕಾಣುವುದಿಲ್ಲ.

ಕಾರಿನಲ್ಲಿ ಕೂತು ದಾರಿ ಕೇಳುವ ಕಾಲದ ಮಕ್ಕಳಿಗೆ ಇದೇನು ಮಹಾ ಎಂದು ಅಪ್ಪನ ಎಣಿಕೆ. ಆದರೆ ಕಾರಿನ ಯಂತ್ರ ಆರಿಸುವುದು ಇರುವ ರಸ್ತೆಗಳಲ್ಲಿ ಒಂದನ್ನು. ಕಡಲಿನಲ್ಲಿ ರಸ್ತೆಯೇ ಇಲ್ಲ. ಗೆರೆ ಎಳೆಯುವವನೇ ಗೆರೆಗೆ ಜವಾಬ್ದಾರ. ಅನಾಪೊಲಿಸ್‌ನಿಂದ ಸೇಂಟ್ ಮೈಕೇಲ್ಸ್ ಎಂಬ ಊರಿಗೆ ಹೋಗಬೇಕಾದರೆ ಕೆಂಟ್ ದ್ವೀಪದ ದಕ್ಷಿಣದ ಮೂತಿಯನ್ನು ಸುತ್ತು ಹಾಕಬೇಕು. ಅಲ್ಲಿಯ ಜಾಗವೊಂದರ ಹೆಸರೇ ಬ್ಲಡಿ ಪಾಯಿಂಟ್, ರಕ್ತದ ಕೊನೆ! ಹುಡುಗಿ ಗೆರೆಯನ್ನು ಅಳಿಸಿ ಮತ್ತೆ ಎಳೆದಳು. ಈ ಸಲ ಆರು ಚುಕ್ಕಿಗಳು ಬೇಕಾದವು.

ಆಮೇಲೆ ಅಂಕಿಗಳ ಗಲಾಟೆ. ನಕಾಶೆಯ ತುಂಬ ಆಳ ಸೂಚಿಸುವ ಅಂಕಿಗಳು. ಒಂದೆಡೆ 6 ಎಂದಿತ್ತು. ಆರು ಏನು? ಮೀಟರಾದರೆ ದೋಣಿ ಆರಾಮ. ಆರು ಅಡಿಯಾದರೆ, ಐದಡಿ ನೀರು ಬೇಡುವ ದೋಣಿಗೆ ಉಳಿಯುವುದು ಒಂದೇ ಅಡಿ. ಹಳೆಯ ನಾವಿಕರ ಫ್ಯಾದಮ್ ಆದರೆ ಮೂವತ್ತಾರು ಅಡಿ. ಯಾವ ಅಳತೆ ಎಂಬುದನ್ನು ತಂತ್ರಾಂಶದಲ್ಲಿ ಆರಿಸಿಕೊಳ್ಳಬೇಕು. ಉತ್ತರದ ಪಕ್ಕದಲ್ಲಿ ಮಾನ ಬರೆಯದೆ ಭೌತಶಾಸ್ತ್ರದಲ್ಲಿ ಅಂಕ ಕಳೆದುಕೊಂಡವರಿಗೆ ಇದರ ಬಿಸಿ ಗೊತ್ತು.

ದಿಕ್ಕಿನದೂ ಹಾಗೆಯೇ. ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಚೆಸಪೀಕ್‌ನಲ್ಲಿ ಸುಮಾರು 11 ಡಿಗ್ರಿ ವ್ಯತ್ಯಾಸ. ಎರಡನ್ನೂ ಒಂದೇ ಎಂದುಕೊಂಡು ಐದು ಮೈಲಿ ಹೋದರೆ ದೋಣಿ ಹೆಚ್ಚುಕಡಿಮೆ ಒಂದು ಮೈಲಿ ಪಕ್ಕಕ್ಕಿರುತ್ತದೆ. ಕರ್ನಾಟಕದಲ್ಲಿ ಈ ವ್ಯತ್ಯಾಸ ತೀರಾ ಕಡಿಮೆ. ಶಾಲೆಯ ದಿಕ್ಸೂಚಿ ಹಿಡಿದವರಿಗೆ ಅದು ಗಮನಕ್ಕೇ ಬರುವುದಿಲ್ಲ.

ಇಷ್ಟೆಲ್ಲ ಕಲಿತ ಮೇಲೆ ಹುಡುಗಿ ಇಡೀ ಕೊಲ್ಲಿಯನ್ನು ಒಮ್ಮೆ ನೋಡೋಣವೆಂದು ಮೌಸಿನ ಗಾಲಿಯನ್ನು ತಿರುಗಿಸಿದಳು. ನಕಾಶೆ ಚಿಕ್ಕದಾಯಿತು. ಅಂಕಿಗಳು ಮಾಯವಾದವು. ಸಣ್ಣ ದಿಬ್ಬಗಳು, ಮುಳುಗಿದ ಹಡಗಿನ ಗುರುತುಗಳು ಒಂದೊಂದಾಗಿ ಕರಗಿದವು. ಉಳಿದದ್ದು ಚೊಕ್ಕ ಬಣ್ಣದ ನೀರು, ಅದರ ಮೇಲೆ ಅವಳ ಗೆರೆ. ಪರದೆ ಕಿಕ್ಕಿರಿಯದಿರಲೆಂದು ತಂತ್ರಾಂಶವೇ ಹೀಗೆ ವಿವರಗಳನ್ನು ಬಚ್ಚಿಡುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಬಚ್ಚಿಟ್ಟಿದ್ದೇನೆ ಎಂದು ಅದು ಕೂಗಿ ಹೇಳುವುದಿಲ್ಲ.

ಇದು ಹೊಸಬರ ತಪ್ಪೇ ಎಂದುಕೊಂಡರೆ, ಅಲ್ಲ. ಜಗತ್ತನ್ನು ಸುತ್ತುವ ವೋಲ್ವೊ ಓಷನ್ ರೇಸ್ ಎಂಬ ಹಾಯಿದೋಣಿ ಪಂದ್ಯದಲ್ಲಿ 2014ರ ನವೆಂಬರ್ 29ರಂದು ನಡೆದದ್ದು ಇದೇ. ಕೇಪ್‌ಟೌನ್‌ನಿಂದ ಅಬುಧಾಬಿಗೆ ಹೊರಟಿದ್ದ ಟೀಮ್ ವೆಸ್ಟಾಸ್ ವಿಂಡ್ ದೋಣಿ, ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕಾರಾಹೋಸ್ ಎಂಬ ಹವಳದ ದಿಬ್ಬಕ್ಕೆ ಕತ್ತಲಲ್ಲಿ ಹೋಗಿ ಅಪ್ಪಳಿಸಿತು. ವೇಗ 19 ನಾಟ್, ಅಂದರೆ ಗಂಟೆಗೆ 35 ಕಿಲೋಮೀಟರು. ದೋಣಿಯಲ್ಲಿದ್ದವರು ಪಳಗಿದ ನಾವಿಕರು. ನಕಾಶೆಯಲ್ಲಿ ದಿಬ್ಬ ಇತ್ತು. ದಾರಿ ನೋಡುವವರು ಸಾಕಷ್ಟು ಹಿಗ್ಗಿಸಿ ನೋಡಿರಲಿಲ್ಲ; ಅವರ ಪರದೆಯಲ್ಲಿ ಅಲ್ಲಿ ಸಾಗುವಷ್ಟು ಆಳದ ನೀರು ಮಾತ್ರ ಕಂಡಿತ್ತು. ಒಂಬತ್ತು ಮಂದಿಯೂ ಬದುಕಿದರು, ದಿಬ್ಬದ ಆಳವಿಲ್ಲದ ನೀರಿನಲ್ಲಿ ನಿಂತು ಬೆಳಕು ಹರಿಯುವುದನ್ನು ಕಾದು. ಮುರಿದ ದೋಣಿಯನ್ನು ಎತ್ತಿ, ಮತ್ತೆ ಕಟ್ಟಿ, 2015ರ ಜೂನ್‌ನಲ್ಲಿ ಅದೇ ಪಂದ್ಯದ ಕೊನೆಯ ಹಂತಗಳಿಗೆ ಇಳಿಸಿದರು ಎಂಬುದು ಬೇರೆ ಕಥೆ.

ಕಾಗದದ ನಕಾಶೆಯಲ್ಲಿ ಏನು ಕಾಣಬೇಕೆಂದು ನಕಾಶೆ ಬರೆದವನು ತೀರ್ಮಾನಿಸಿರುತ್ತಿದ್ದ. ಪರದೆಯಲ್ಲಿ ಆ ತೀರ್ಮಾನದ ಅರ್ಧ ಪಾಲು ನೋಡುವವನ ಬೆರಳಿಗೆ ಬಂದಿದೆ. ನೋವಾ ತನ್ನ ಹಳೆಯ ಮಾದರಿಯ ಕಾಗದದ ನಕಾಶೆಗಳನ್ನು 2025ರ ಆರಂಭದ ಹೊತ್ತಿಗೆ ಪೂರ್ತಿ ನಿಲ್ಲಿಸಿಯೂ ಆಯಿತು. ಹಾಗೆಂದು ಹಿಗ್ಗಿಸುತ್ತಲೇ ಹೋದರೆ ಎಲ್ಲ ತಿಳಿದೀತೆಂದೂ ಅಲ್ಲ. ಒಂದು ಹಂತ ದಾಟಿದರೆ, ನಕಾಶೆಗೆ ಗೊತ್ತಿರುವುದಕ್ಕಿಂತ ಹೆಚ್ಚು ಕೇಳುತ್ತಿದ್ದೀರಿ ಎಂದು ಓಪನ್‌ಸಿಪಿಎನ್ ತಾನೇ ಎಚ್ಚರಿಸುತ್ತದೆ.

ಅಪ್ಪನಿಗೆ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿತು. ಮಗಳೊಂದಿಗೆ ದೋಣಿಯಲ್ಲಿ ಕೂರುವವರು ಅವರೂ ಹೌದಲ್ಲ! ಉಪಗ್ರಹದ ಸಂಕೇತ ತಪ್ಪಿದರೆ ಏನು ಗತಿ ಎಂದು ಕೇಳಿದರು. ಪರದೆಯ ಮೇಲಿನ ಪುಟ್ಟ ದೋಣಿ ಕೆಂಪಿನಿಂದ ಬೂದು ಬಣ್ಣಕ್ಕೆ ತಿರುಗುತ್ತದೆ ಎಂದಳು ಹುಡುಗಿ. ನೋಡುವವರು ಇದ್ದರೆ ಸರಿ. 1995ರ ಜೂನ್‌ನಲ್ಲಿ ಬರ್ಮುಡಾದಿಂದ ಬಾಸ್ಟನ್‌ಗೆ ಬರುತ್ತಿದ್ದ ರಾಯಲ್ ಮೆಜೆಸ್ಟಿ ಎಂಬ ಪ್ರವಾಸಿ ಹಡಗಿನಲ್ಲಿ ಜಿಪಿಎಸ್ ಆಂಟೆನಾದ ತಂತಿ ಕಳಚಿತ್ತು. ಯಂತ್ರ ಅದನ್ನು ಪುಟ್ಟ ಅಕ್ಷರಗಳಲ್ಲಿ ತಿಳಿಸಿ, ಹಡಗಿನ ವೇಗ ದಿಕ್ಕುಗಳ ಮೇಲೆ ಊಹೆಯ ಲೆಕ್ಕ ಹಾಕುತ್ತ ಹೋಯಿತು. ಒಂದು ದಿನಕ್ಕೂ ಹೆಚ್ಚು ಕಾಲ ಯಾರೂ ಅದನ್ನು ಗಮನಿಸಲಿಲ್ಲ. ನ್ಯಾಂಟಕೆಟ್ ಬಳಿ ಮರಳಿಗೆ ಹತ್ತಿದಾಗ ಹಡಗು ತಾನು ಇದ್ದೇನೆಂದುಕೊಂಡ ಜಾಗದಿಂದ 17 ಮೈಲಿ ದೂರವಿತ್ತು.

ಹೊರಟ ದಿನ ಗಾಳಿ ಹದವಾಗಿತ್ತು. ಕಲಿಸುವವರು ಚುಕ್ಕಾಣಿ ಹಿಡಿದಿದ್ದರು, ಹುಡುಗಿಯ ತೊಡೆಯ ಮೇಲೆ ಕಂಪ್ಯೂಟರು. ಅದರಲ್ಲಿ ಕೆಂಪು ದೋಣಿ ಗೆರೆಯ ಮೇಲೆ ವಿಧೇಯವಾಗಿ ಸಾಗುತ್ತಿತ್ತು. ಮುಂದೆ ನೀರಿನ ನಡುವೆ, ಕಬ್ಬಿಣದ ಕಾಲುಗಳ ಮೇಲೆ, 1875ರಿಂದ ನಿಂತಿರುವ ಥಾಮಸ್ ಪಾಯಿಂಟ್ ದೀಪಗೃಹ ಕಂಡಿತು, ಆರು ಮೂಲೆಯ ಬಿಳಿ ಮನೆ, ಕೆಂಪು ಮಾಡು. ಅವಳು ಕೈ ದಿಕ್ಸೂಚಿ ಎತ್ತಿ ಅದರ ದಿಕ್ಕು ಹಿಡಿದಳು, 11 ಕಳೆದಳು, ಅಪ್ಪ ಒತ್ತಿ ಹಿಡಿದಿದ್ದ ಅಚ್ಚಿನ ಹಾಳೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಳು. ಅದು ಪರದೆಯ ದೋಣಿ ಇದ್ದ ಜಾಗದಿಂದ ಕೊಂಚ ಆಚೆ ಹಾದುಹೋಯಿತು. ಅವಳು ಯಾವುದನ್ನೂ ಅಳಿಸಲಿಲ್ಲ. ದಿಕ್ಸೂಚಿಯನ್ನು ಮತ್ತೊಮ್ಮೆ ಕಣ್ಣಿಗೆ ಹಿಡಿದಳು.