ಎರಡನೇ ಗೇರಿನ ಕರಕರ

ಹಳೇ ಸಣ್ಣ ಕಾರಿನ ಗೇರು ಬದಲಿಸುವಾಗ ಬರುವ ಸದ್ದು ಎಲ್ಲಿ ಹುಟ್ಟಿತೆಂದು ಬಿಚ್ಚದೆಯೇ ಗುರುತಿಸುವುದು ನನಗೆ ಬಲು ಪ್ರೀತಿಯ ಕೆಲಸ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸಾಲಿನಲ್ಲಿ ಮಾರುತಿ 800 ಇನ್ನೂ ಕಣ್ಣಿಗೆ ಬೀಳುತ್ತದೆ. 1983ರ ಕೊನೆಗೆ ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತ ಗಾಡಿ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಹಳೆಯ ಮಾದರಿಗೆ ನಾಲ್ಕೇ ಗೇರು. ಹೊಸ ಕಾರುಗಳ ದಪ್ಪ ಹೊದಿಕೆ ನುಂಗಿಬಿಡುವ ಸದ್ದೆಲ್ಲ ಇದರಲ್ಲಿ ನೇರ ಕಿವಿಗೆ ಬರುತ್ತದೆ.

ಕೇಳುವುದಕ್ಕೂ ಒಂದು ಕ್ರಮವುಂಟು. ಸದ್ದು ಯಾವುದರ ಬೆನ್ನು ಹತ್ತಿದೆ ಎಂದು ಮೊದಲು ನೋಡಬೇಕು: ಎಂಜಿನ್ನಿನದೋ, ಚಕ್ರದ್ದೋ, ಕ್ಲಚ್ಚಿನದೋ, ಗೇರಿನದೋ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಚಾಲೂ ಮಾಡಿ. ಗುಂಯ್ ಎನ್ನುವ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ಇನ್‌ಪುಟ್ ಶಾಫ್ಟಿನ ಬೇರಿಂಗ್ ಮೇಲೆ ಅನುಮಾನ. ಒತ್ತಿದಾಗಲೇ ಶುರುವಾದರೆ ರಿಲೀಸ್ ಬೇರಿಂಗ್. ರಿವರ್ಸ್ ಹಾಕಿದಾಗ ಕರ್ ಎಂದರೆ ಗಾಬರಿ ಬೇಡ, ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಆ ಗೇರಿಗೆ ಇಲ್ಲ. ಕ್ಲಚ್ ಒತ್ತಿ ಎರಡು ಕ್ಷಣ ತಡೆದರೆ ಮೆತ್ತಗೆ ಬೀಳಬೇಕು. ಆಗಲೂ ಕಚ್ಚಿದರೆ, ಎಂಜಿನ್ ಬಂದ್ ಇದ್ದಾಗ ಸಲೀಸಾಗಿ ಬೀಳುವ ಗೇರುಗಳು ಚಾಲೂ ಇದ್ದಾಗ ಬಿಗಿಯಾದರೆ, “ಕ್ಲಚ್ ಪೂರಾ ಬಿಡವಲ್ದು” ಎನ್ನುತ್ತಾರೆ ನಮ್ಮ ಮೆಕ್ಯಾನಿಕರು. ಎಷ್ಟೋ ಸಲ ಕೇಬಲ್ ಸರಿಮಾಡಿದರೆ ಅಲ್ಲಿಗೇ ಮುಗಿಯುತ್ತದೆ.

ಉಳಿದ ಪರೀಕ್ಷೆ ರಸ್ತೆಯ ಮೇಲೆ. ಸಿಂಧನೂರಿನ ಸುತ್ತ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳ ನಡುವೆ ರಸ್ತೆ ಸಪಾಟು. ವೇಗ ಕೆಡಿಸದೆ ಗೇರು ಬದಲಿಸಿ ಕೇಳುವುದಕ್ಕೆ ಇದು ತಕ್ಕ ಜಾಗ. ಕೊರಗುವ ದನಿ ಒಂದೇ ಗೇರಿನಲ್ಲಿದ್ದರೆ ಆ ಗೇರಿನ ಹಲ್ಲು. ನ್ಯೂಟ್ರಲ್‌ನಲ್ಲೂ ಬಿಡದೆ ಚಕ್ರದ ವೇಗಕ್ಕೆ ತಕ್ಕಂತೆ ಏರಿಳಿದರೆ ಡಿಫರೆನ್ಷಿಯಲ್ ಇಲ್ಲವೇ ಚಕ್ರದ ಬೇರಿಂಗ್. ಲಿಂಗಸುಗೂರಿನ ಕಡೆ ಏರಿಳಿತವಿದೆ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಗೇರು ತಾನಾಗಿ ಜಾರಿ ನ್ಯೂಟ್ರಲ್‌ಗೆ ಬಂದರೆ ಒಳಗೆ ಸವೆತ ಹೆಚ್ಚಿರಬಹುದು, ಎಂಜಿನ್ ಮೌಂಟ್ ಸಡಿಲವಾಗಿರಲೂಬಹುದು.

ಮಸ್ಕಿ ಊರೊಳಗೆ ಟ್ರ್ಯಾಕ್ಟರು, ಹಂಪ್ಸುಗಳ ನಡುವೆ ಎರಡನೇ ಗೇರಿಗೇ ದುಡಿಮೆ. ನನಗೆ ಎಲ್ಲಕ್ಕಿಂತ ಇಷ್ಟದ ಸದ್ದೂ ಅಲ್ಲಿಯದೇ: ಮೂರರಿಂದ ಎರಡಕ್ಕೆ ಇಳಿಸುವಾಗ ಮಾತ್ರ ಬರುವ ಕರಕರ. ಆಗ ಡಬಲ್ ಕ್ಲಚ್ ಮಾಡಿ ನೋಡಬೇಕು. ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ತುಸು ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕುವುದು. ಸದ್ದು ಮಾಯವಾದರೆ ಸಿಂಕ್ರೊ ರಿಂಗ್ ಸವೆದಿದೆ. 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಸಿಂಕ್ರೊಮೆಶ್ ಬರುವ ತನಕ ಗೇರುಗಳ ವೇಗ ಹೊಂದಿಸುವುದು ಹೀಗೆ ಚಾಲಕನ ಕಾಲಿನ ಕೆಲಸವೇ ಆಗಿತ್ತು. ಈಗ ಅದನ್ನು ಮಾಡುವುದು ಒಂದು ಹಿತ್ತಾಳೆ ಉಂಗುರ.

ಸಿಂಧನೂರಿನ ಗ್ಯಾರೇಜೊಂದರಲ್ಲಿ ಗೇರ್‌ಬಾಕ್ಸ್ ಇಳಿಸಿದಾಗ ಆ ಉಂಗುರವನ್ನು ಕೈಯಲ್ಲಿ ಹಿಡಿದು ನೋಡಿದೆ. ಒಳಮೈಯಲ್ಲಿ ಎಣ್ಣೆಯ ಪದರ ಸೀಳುವ ಸಣ್ಣ ಸಣ್ಣ ಗೀರುಗಳಿರಬೇಕು. ಹೊಸದರಲ್ಲಿ ಉಗುರು ಆಡಿಸಿದರೆ ತಡೆಯುತ್ತದೆ, ಹಳೆಯದರಲ್ಲಿ ಜಾರಿಹೋಯಿತು. ಮೆಕ್ಯಾನಿಕ್ ಅದನ್ನು ಗೇರಿನ ಕೋನಿನ ಮೇಲೆ ಒತ್ತಿ ಹಿಡಿದು, ಸಂದಿಗೆ ಫೀಲರ್ ಗೇಜ್ ತೂರಿಸಿದರು. ಹೊಸ ರಿಂಗಿನಲ್ಲಿ ನುಗ್ಗಿದ ತಗಡು ಹಳೆಯದರಲ್ಲಿ ನುಗ್ಗಲಿಲ್ಲ. ಒಳಮೈ ಸವೆದಷ್ಟೂ ಉಂಗುರ ಗೇರಿಗೆ ಅಂಟಿ ಕೂರುತ್ತದೆ, ಹಿಡಿತ ತಪ್ಪುತ್ತದೆ.

ಊಹೆಗೆ ಸಾಕ್ಷಿ ಸಿಗುವುದು ಈ ಸೀಮೆಗೆ ಹೊಸದಲ್ಲ. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂದು ವಿದ್ವಾಂಸರು ಮೊದಲೇ ತರ್ಕಿಸಿದ್ದರು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಸಿಕ್ಕಿತು. ಕಿವಿಯ ಊಹೆಗೆ ಕೈಯಲ್ಲೇ ಸಾಕ್ಷಿ ಸಿಕ್ಕ ಹೊತ್ತಿನ ಸಂತೋಷವೂ ಅದೇ ಜಾತಿಯದು.

ಈ ಸಂತೋಷ ಕಿಸೆಯನ್ನೂ ಕಾಯುತ್ತದೆ. ಗೇರ್‌ಬಾಕ್ಸ್ ಇಳಿಸುವುದು ದೊಡ್ಡ ಕೆಲಸ. ಕೇಬಲ್ಲಿಗೆ ಮುಗಿಯುವ ದೋಷಕ್ಕೆ ಬಾಕ್ಸ್ ಬಿಚ್ಚಿಸಬಾರದು. ಎಣ್ಣೆ ಹಾಕಿಸುವಾಗಲೂ ಕೇಳಿ ಹಾಕಿಸಿ: ಜಿಎಲ್-4 ದರ್ಜೆಯದು ಬೇಕಾದ ಬಾಕ್ಸಿಗೆ ಜಿಎಲ್-5 ಸುರಿದರೆ ಹಿತ್ತಾಳೆ ಉಂಗುರಕ್ಕೆ ಅದು ಒಗ್ಗದಿರಬಹುದು. ಗ್ಯಾರೇಜಿಗೆ ಹೋದಾಗ “ಗೇರ್ ಸೌಂಡ್ ಬರ್ತದ” ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಯಾವ ಗೇರಿಗೆ, ಏರಿಸುವಾಗಲೋ ಇಳಿಸುವಾಗಲೋ, ಕ್ಲಚ್ ಒತ್ತಿದಾಗಲೋ ಬಿಟ್ಟಾಗಲೋ, ಎಂಜಿನ್ ತಣ್ಣಗಿದ್ದಾಗಲೋ ಕಾದ ಮೇಲೋ, ಇಷ್ಟನ್ನು ಹೇಳಿ. ಅರ್ಧ ರಿಪೇರಿ ಅಲ್ಲೇ ಆದಂತೆ.